ಮಿಲಿಮೀಟರಿನ ನೂರರಲ್ಲಿ ಮೂರು ಪಾಲು

2021ರ ನವೆಂಬರಿನ ಒಂದು ಸಂಜೆ ಮಡಿಕೇರಿಯಿಂದ ಸಂಪಾಜೆಗೆ ಘಾಟಿ ಇಳಿಯುತ್ತಿದ್ದಾಗ, ತಿರುವಿಗೆ ಮೊದಲು ಬ್ರೇಕು ಒತ್ತಿದ ಹೊತ್ತಿಗೆ ಸ್ಟಿಯರಿಂಗ್ ಚಕ್ರ ನನ್ನ ಕೈಯಲ್ಲಿ ಸಣ್ಣಗೆ ನಡುಗಿತು. ರಸ್ತೆ ಅಲ್ಲಲ್ಲಿ ಕಿತ್ತುಹೋಗಿದ್ದುದರಿಂದ ಅದನ್ನು ರಸ್ತೆಯ ಲೆಕ್ಕಕ್ಕೆ ಬರೆದು ಮುಂದೆ ಸಾಗಿದೆ. ಆದರೆ ಮುಂದಿನ ತಿರುವಿನಲ್ಲೂ, ಅದರ ಮುಂದಿನದರಲ್ಲೂ ಅದೇ ನಡುಕ ಬಂತು. ಪೆಡಲಿನಿಂದ ಕಾಲು ತೆಗೆದ ಕೂಡಲೇ ಏನೂ ಆಗದಂತೆ ನಿಂತುಬಿಡುತ್ತಿತ್ತು. ಮಡಿಕೇರಿಯ ಚಳಿ ಕಾರಿಗೂ ಹಿಡಿಯಿತೋ ಎಂದು ಪಕ್ಕದಲ್ಲಿದ್ದ ಹೆಂಡತಿ ಕೇಳಿದಳು. ಸುಳ್ಯ, ಜಾಲ್ಸೂರು, ಮುಳ್ಳೇರಿಯ ದಾಟಿ ಬದಿಯಡ್ಕದ ಹತ್ತಿರದ ನಮ್ಮ ಮನೆ ಮುಟ್ಟುವವರೆಗೂ ನಾನು ಬ್ರೇಕನ್ನು ಆದಷ್ಟು ಕಡಿಮೆ ಒತ್ತುತ್ತ, ಗೇರು ಇಳಿಸುತ್ತ ಬಂದೆ. ಅಲ್ಲಿಂದ ಆ ನಡುಕದ ಮೂಲ ಸಿಗುವುದಕ್ಕೆ ಒಂದೂವರೆ ವರ್ಷ ಹಿಡಿಯಿತು.

ಕಾರಿನ ವಿಚಾರವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಎಲ್ 14 (ಕಾಸರಗೋಡು) ನೋಂದಣಿಯ, 2014ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಅದು. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು (ಚಕ್ರದೊಂದಿಗೆ ತಿರುಗುವ ಲೋಹದ ತಟ್ಟೆಯನ್ನು ಎರಡೂ ಬದಿಯಿಂದ ಪ್ಯಾಡುಗಳು ಅದುಮುವಂಥದ್ದು), ಹಿಂದಿನವಕ್ಕೆ ಡ್ರಮ್. ಬ್ರೇಕು ಹಾಕಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲ. ಎಬಿಎಸ್ ಇರುವ ಕಾರುಗಳಲ್ಲಿ ಜಾರುವ ರಸ್ತೆಯಲ್ಲಿ ಜೋರಾಗಿ ಬ್ರೇಕು ಹಾಕಿದಾಗ ಪೆಡಲು ಕಾಲಡಿಯಲ್ಲಿ ಗರಗರ ಎನ್ನುವುದು ಸಹಜ. ಅದನ್ನು ದೋಷವೆಂದು ತಿಳಿದು ಗ್ಯಾರೇಜಿಗೆ ಓಡುವವರೂ ಇದ್ದಾರೆ. ನನಗೆ ಆ ಗೊಂದಲಕ್ಕೆ ಎಡೆಯಿರಲಿಲ್ಲ. ಕಾರು ದಿನವೂ ಓಡುವಂಥದ್ದಲ್ಲ. ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಈಗ ಇರುವ ಕೆಲಸವೆಂದರೆ ಅಡಿಕೆ ತೋಟದ್ದು. ಮಳೆಗಾಲದಲ್ಲಿ, ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿಯ ದಿನಗಳಲ್ಲಿ, ಕಾರು ಮೂರು ಬದಿ ಮಾತ್ರ ಗೋಡೆಯಿರುವ ಶೆಡ್ಡಿನಲ್ಲಿ ವಾರಗಟ್ಟಲೆ ಅಲುಗದೆ ನಿಂತಿರುತ್ತದೆ. ಈ ಕೊನೆಯ ಸಂಗತಿಯನ್ನು ಆಗ ಯಾರೂ ನನ್ನಲ್ಲಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊದಲು ಹೋದ ವರ್ಕ್‌ಶಾಪಿನಲ್ಲಿ ಚಕ್ರಗಳ ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮಾಡಿಕೊಟ್ಟರು. ಅದರಿಂದ ಪ್ರಯೋಜನವಾಗಲಿಲ್ಲ, ಆಗಬೇಕಾದ ಕಾರಣವೂ ಇರಲಿಲ್ಲ ಎಂಬುದು ಮನೆಗೆ ಬಂದು ಯೋಚಿಸಿದಾಗ ಹೊಳೆಯಿತು. ಚಕ್ರದ ತೂಕ ಒಂದು ಬದಿಗೆ ಹೆಚ್ಚಾಗಿದ್ದರೆ ಸ್ಟಿಯರಿಂಗ್ ನಡುಗುವುದು ವೇಗಕ್ಕೆ ಹೊರತು ಬ್ರೇಕಿಗಲ್ಲ. ಸಾಮಾನ್ಯವಾಗಿ 80ರಿಂದ 100 ಕಿಲೋಮೀಟರ್ ವೇಗದ ನಡುವೆ, ಬ್ರೇಕು ಮುಟ್ಟದಿದ್ದರೂ ಅದು ಕಾಣಿಸಿಕೊಳ್ಳಬೇಕು. ನನ್ನ ಕಾರು ರಾಷ್ಟ್ರೀಯ ಹೆದ್ದಾರಿ 66ರಲ್ಲಿ 90ರ ವೇಗದಲ್ಲಿಯೂ ನೀರಿನ ಮೇಲೆ ದೋಣಿ ಹೋದಂತೆ ಹೋಗುತ್ತಿತ್ತು. ಕಾಲು ಪೆಡಲಿಗೆ ತಾಗಿದಾಗ ಮಾತ್ರ ಅಲುಗಾಟ. ಇಷ್ಟನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು. ತಪ್ಪು ಅರ್ಧ ನನ್ನದೇ.

ಎರಡನೆಯ ಕಡೆ ಇದ್ದ ಮೆಕ್ಯಾನಿಕ್ ಕಾರನ್ನು ಒಂದು ಸುತ್ತು ಓಡಿಸಿ ಬಂದು, "ವಿರಯಲ್ ಉಂಡ್, ಡಿಸ್ಕ್ ಬೆಂಡ್" (ನಡುಕ ಇದೆ, ಡಿಸ್ಕು ಬಾಗಿದೆ) ಎಂದು ಮಲಯಾಳದಲ್ಲಿ ತೀರ್ಪು ಕೊಟ್ಟ. ಡಿಸ್ಕುಗಳನ್ನು ಲೋಹ ಕಡೆಯುವ ಯಂತ್ರವಾದ ಲೇತಿಗೆ ಕೊಟ್ಟು ತೆಳ್ಳಗೆ ಸವರಿಸಿ ಹಾಕಿದರು. ನಡುಕ ಹೋಯಿತು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಮರಳಿ ಬಂತು. ಈ ಬಾರಿ ಹೊಸ ಡಿಸ್ಕು, ಹೊಸ ಪ್ಯಾಡು ಎರಡನ್ನೂ ಹಾಕಿಸಿದೆ. ಅದು 2022ರ ಆಗಸ್ಟ್. ಹೊಸದರಲ್ಲಿ ಬ್ರೇಕು ಎಷ್ಟು ನಯವಾಗಿತ್ತೆಂದರೆ ಹಳೆಯ ಡಿಸ್ಕುಗಳೇ ಅಪರಾಧಿಗಳೆಂದು ನಿಶ್ಚಯಿಸಿ, ಅವನ್ನು ಮನೆಗೆ ತಂದು ಅಂಗಳದಲ್ಲಿ ಅಡಿಕೆ ಮುಚ್ಚುವ ಟಾರ್ಪಾಲಿನ ಮೂಲೆಗಳಿಗೆ ಭಾರವಾಗಿ ಇಟ್ಟೆ. 2023ರ ಫೆಬ್ರವರಿಯಲ್ಲಿ, ಹೊಸ ಡಿಸ್ಕು ಹಾಕಿ ಸುಮಾರು 6,000 ಕಿಲೋಮೀಟರ್ ಆಗಿದ್ದಾಗ, ಕುಂಬಳೆಯ ಬಳಿ ಹೆದ್ದಾರಿಯ ಕೆಲಸ ನಡೆಯುತ್ತಿದ್ದಲ್ಲಿ ಮುಂದಿನ ಲಾರಿ ನಿಧಾನಿಸಿತೆಂದು ಬ್ರೇಕು ಒತ್ತಿದೆ. ಸ್ಟಿಯರಿಂಗ್ ಮತ್ತೆ ನಡುಗಿತು.

ಆ ಗಳಿಗೆಯಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು ಎಂದರೆ ಯಾರೂ ನಂಬಲಿಕ್ಕಿಲ್ಲ. ಮೂರು ಸಲ ಒಂದೇ ದೋಷ, ಪ್ರತಿ ಸಲವೂ ದುರಸ್ತಿಯಾದ ಮೇಲೆ ಕೆಲವು ತಿಂಗಳ ಬಿಡುವು. ಡಿಸ್ಕು ಶಾಖಕ್ಕೆ ಬಾಗುವುದಾದರೆ ಯಾವಾಗ ಬಾಗಿತು? ಅದನ್ನು ಕಾಯಿಸುವಂಥ ಘಾಟಿಯನ್ನು ಆ ಆರು ತಿಂಗಳಲ್ಲಿ ನಾನು ಇಳಿದಿರಲೇ ಇಲ್ಲ. ಹೊಸದಾಗಿ ಹಾಕಿದ ವಸ್ತು ಮೊದಲ ದಿನ ಸರಿಯಿದ್ದು, ನಿಧಾನವಾಗಿ ಕೆಡುತ್ತ ಬಂದರೆ, ಕೆಡಿಸುವುದೊಂದು ಅದರ ಆಚೆ ಇರಲೇಬೇಕು. ಈ ಲೆಕ್ಕ ಹಿಡಿದುಕೊಂಡು ಇನ್ನು ಅಳೆಯದೆ ಏನನ್ನೂ ಬದಲಾಯಿಸುವುದಿಲ್ಲ ಎಂದು ತೀರ್ಮಾನಿಸಿದೆ.

ಮೊದಲ ಕೆಲಸ ನಡುಕ ಮುಂದಿನದೋ ಹಿಂದಿನದೋ ಎಂದು ಗೊತ್ತುಮಾಡಿಕೊಳ್ಳುವುದು. ಸ್ಟಿಯರಿಂಗ್ ಚಕ್ರ ನಡುಗಿದರೆ ದೋಷ ಮುಂದಿನ ಚಕ್ರಗಳಲ್ಲಿ, ಸೀಟು ನಡುಗಿದರೆ ಹಿಂದೆ ಎಂಬುದು ಸ್ಥೂಲವಾದ ನಿಯಮ. ಅದನ್ನು ಗಟ್ಟಿಮಾಡಿಕೊಳ್ಳಲು ನೀರ್ಚಾಲಿನಿಂದ ಸೀತಾಂಗೋಳಿಯ ಕಡೆಗೆ ಹೋಗುವ ರಸ್ತೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ಮುಂದೆಯೂ ಹಿಂದೆಯೂ ವಾಹನವಿಲ್ಲದ ನೇರ ತುಂಡೊಂದನ್ನು ನೋಡಿ, 40ರ ವೇಗದಲ್ಲಿ ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿ ಹಿಡಿದೇ ಹಿಡಿಕೆಯನ್ನು ಮೆಲ್ಲನೆ ಎಳೆದೆ. ಹ್ಯಾಂಡ್‌ಬ್ರೇಕು ಹಿಂದಿನ ಡ್ರಮ್ಮುಗಳನ್ನು ಮಾತ್ರ ಹಿಡಿಯುತ್ತದೆ. ಕಾರು ಯಾವ ಅಲುಗಾಟವೂ ಇಲ್ಲದೆ ನಿಧಾನಿಸಿತು. ಅದೇ ವೇಗದಲ್ಲಿ ಪೆಡಲು ಒತ್ತಿದಾಗ ನಡುಕ ಬಂತು. ಹಿಂದಿನ ಚಕ್ರಗಳು ನಿರಪರಾಧಿಗಳಾದವು. (ಈ ಪರೀಕ್ಷೆಯನ್ನು ಒದ್ದೆ ರಸ್ತೆಯಲ್ಲಿ ಮಾಡಲು ಹೋಗಬಾರದು, ಹಿಂದಿನ ಚಕ್ರ ಕಚ್ಚಿಕೊಂಡರೆ ಕಾರು ತಿರುಗಿ ನಿಲ್ಲುತ್ತದೆ.)

ಇನ್ನೊಂದು ಸಂಗತಿಯನ್ನೂ ಗಮನಿಸಿದೆ. ವೇಗ ಇಳಿದಂತೆ ನಡುಕದ ತಾಳವೂ ಇಳಿಯುತ್ತಿತ್ತು. ನನ್ನ ಕಾರಿನ ಟಯರಿನ ಸುತ್ತಳತೆ ಸುಮಾರು 1.83 ಮೀಟರ್, 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ 12 ಸುತ್ತು ತಿರುಗುತ್ತದೆ, 20ರ ವೇಗದಲ್ಲಿ 3 ಸುತ್ತು. ಕಾರು ನಿಲ್ಲುವುದಕ್ಕೆ ಬಂದಾಗ ಪೆಡಲು ನನ್ನ ಪಾದವನ್ನು ಮೆಲ್ಲಗೆ ಎತ್ತಿ ಇಳಿಸುವುದನ್ನು ಎಣಿಸಬಹುದಿತ್ತು, ಮತ್ತು ಆ ಎಣಿಕೆ ಚಕ್ರದ ಒಂದು ಸುತ್ತಿಗೆ ಒಂದರಂತೆ ಬರುತ್ತಿತ್ತು. ಚಕ್ರದ ಜೊತೆಗೆ ತಿರುಗುವ ಯಾವುದೋ ಒಂದು ಭಾಗದಲ್ಲಿ, ಒಂದೇ ಒಂದು ಕಡೆ, ಏನೋ ಹೆಚ್ಚುಕಡಿಮೆಯಿದೆ ಎಂದು ಇದರಿಂದ ಖಚಿತವಾಯಿತು. ಮನೆಗೆ ಬಂದು ಮುಂದಿನ ಚಕ್ರಗಳನ್ನು ಎತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಿಸಿ ನೋಡಿದೆ. ಬೇರಿಂಗಿನಲ್ಲಿ ಸಡಿಲವಿರಲಿಲ್ಲ.

ಅಳೆಯುವ ಸಾಧನಗಳ ಪೈಕಿ ಒಂದು ನನ್ನಲ್ಲೇ ಇತ್ತು. ಮೂವತ್ತು ವರ್ಷ ಮಕ್ಕಳಿಂದ ತಂತಿಯ ದಪ್ಪ ಅಳೆಯಿಸಿದ ಸ್ಕ್ರೂಗೇಜು. ಕನಿಷ್ಠ ಅಳತೆ 0.01 ಮಿಲಿಮೀಟರ್. ಅದರಿಂದ ಕಾರಿನ ಡಿಸ್ಕನ್ನು ಅಳೆಯಬಹುದೆಂದು ಯಾವ ತರಗತಿಯಲ್ಲೂ ನನಗೆ ಹೊಳೆದಿರಲಿಲ್ಲ. ಇನ್ನೊಂದು, ಸಣ್ಣ ಏರಿಳಿತವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜು. ಅದನ್ನು ಬದಿಯಡ್ಕದ ಸಮೀಪ ಲೇತ್ ಇಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದರ ಅಯಸ್ಕಾಂತದ ಕಾಲಿನ ಸಮೇತ ಕೊಟ್ಟ. ಕೊಡುವಾಗ, ಬೀಳಿಸಬೇಡಿ ಸರ್ ಎಂದು ಎರಡು ಸಲ ಹೇಳಿದ. ಒಂದು ಕಾಲದಲ್ಲಿ ಅದೇ ಮಾತನ್ನು ನಾನು ಅವನಿಗೆ ಹೇಳುತ್ತಿದ್ದೆ.

ಏಪ್ರಿಲಿನ ಒಂದು ಭಾನುವಾರ ಶೆಡ್ಡಿನ ಸಿಮೆಂಟು ನೆಲದಲ್ಲಿ ಕೆಲಸ ಸುರುವಾಯಿತು. ಹಿಂದಿನ ಚಕ್ರಗಳಿಗೆ ಮುರಕಲ್ಲಿನ ತುಂಡುಗಳನ್ನು ಅಡ್ಡ ಕೊಟ್ಟು, ಮುಂಭಾಗವನ್ನು ಜ್ಯಾಕಿಯಿಂದ ಎತ್ತಿ, ಎರಡೂ ಬದಿ ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಬರೀ ಜ್ಯಾಕಿಯ ಮೇಲೆ ನಿಂತ ಕಾರಿನ ಕೆಳಗೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ, ಎಷ್ಟು ಸಣ್ಣ ಕೆಲಸವಾದರೂ. ಚಕ್ರ ಕಳಚಿದ ಮೇಲೆ ಡಿಸ್ಕು ಹಬ್‌ನ (ಡಿಸ್ಕೂ ಚಕ್ರವೂ ಕೂರುವ ತಿರುಗುವ ಭಾಗದ) ಬೋಲ್ಟುಗಳ ಮೇಲೆ ಸಡಿಲವಾಗಿ ನಿಲ್ಲುತ್ತದೆ. ಹಾಗೆಯೇ ಅಳೆದರೆ ಸಿಗುವುದು ಸುಳ್ಳು ಲೆಕ್ಕ. ಆದ್ದರಿಂದ ನಾಲ್ಕೂ ಬೋಲ್ಟುಗಳಿಗೆ ದಪ್ಪ ವಾಷರು ಹಾಕಿ, ಚಕ್ರದ ನಟ್ಟುಗಳಿಂದ ಡಿಸ್ಕನ್ನು ಹಬ್‌ಗೆ ಬಿಗಿದೆ. ಡಯಲ್ ಗೇಜಿನ ಅಯಸ್ಕಾಂತವನ್ನು ತಿರುಗದ ಭಾಗಕ್ಕೆ ಅಂಟಿಸಿ, ಅದರ ಮೊನೆಯನ್ನು ಡಿಸ್ಕಿನ ಹೊರಮುಖದ ಅಂಚಿನಿಂದ 10 ಮಿಲಿಮೀಟರ್ ಒಳಗೆ, ಮುಖಕ್ಕೆ ಲಂಬವಾಗಿ ತಾಗಿಸಿ, ಗೇರು ನ್ಯೂಟ್ರಲ್‌ನಲ್ಲಿಟ್ಟು ಡಿಸ್ಕನ್ನು ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದೆ.

ಬಲಗಡೆಯ ಡಿಸ್ಕು 0.05 ಮಿಲಿಮೀಟರ್ ಓಲಾಡಿತು. ನನ್ನ ಕಾರಿನ ಸರ್ವಿಸ್ ಕೈಪಿಡಿ ಕೊಟ್ಟಿರುವ ಮಿತಿ 0.10. ಎಡಗಡೆಯದು 0.13 ಓಲಾಡಿತು. ಎರಡನೆಯ ಸಲ, ಮೂರನೆಯ ಸಲ ತಿರುಗಿಸಿದರೂ ಮುಳ್ಳು ಅದೇ ಜಾಗದಲ್ಲಿ ಏರಿ ಅದೇ ಜಾಗದಲ್ಲಿ ಇಳಿಯಿತು. ಮುಳ್ಳು ಅತಿ ಹೆಚ್ಚು ಏರಿದ ಕಡೆ, ಅಂದರೆ ಡಿಸ್ಕು ಹೊರಕ್ಕೆ ಅತಿ ಹೆಚ್ಚು ಚಾಚಿಕೊಂಡ ಕಡೆ, ಅಂಚಿನಲ್ಲಿ ಸೀಮೆಸುಣ್ಣದ ಗೆರೆ ಎಳೆದೆ.

ಓಲಾಟ ಒಂದು, ದಪ್ಪದ ಹೆಚ್ಚುಕಡಿಮೆ ಇನ್ನೊಂದು. ಇವೆರಡನ್ನೂ ಬೆರೆಸಿ ಮಾತಾಡುವುದರಿಂದಲೇ ಡಿಸ್ಕ್ ಬೆಂಡ್ ಎಂಬ ಮಾತು ಹುಟ್ಟಿರಬೇಕು. ಡಿಸ್ಕು ಎಲ್ಲ ಕಡೆ ಒಂದೇ ದಪ್ಪವಿದ್ದು ಸ್ವಲ್ಪ ಓಲಾಡಿದರೆ, ಪ್ಯಾಡುಗಳನ್ನು ಇಕ್ಕಳದಂತೆ ಹಿಡಿದಿರುವ, ಜಾರುವ ಕ್ಯಾಲಿಪರ್ ಅದರೊಂದಿಗೆ ಅತ್ತಿತ್ತ ಸರಿದು ಹೊಂದಿಕೊಳ್ಳುತ್ತದೆ. ಪೆಡಲಿಗೆ ಹೆಚ್ಚೇನೂ ತಿಳಿಯುವುದಿಲ್ಲ. ದಪ್ಪವೇ ಬೇರೆ ಬೇರೆಯಾದರೆ ಹಾಗಲ್ಲ. ದಪ್ಪಗಿರುವ ಭಾಗ ಎರಡು ಪ್ಯಾಡುಗಳ ನಡುವೆ ಬಂದಾಗ ಅವನ್ನು ಅಗಲಿಸುತ್ತದೆ, ಪ್ಯಾಡನ್ನು ತಳ್ಳುವ ಪಿಸ್ಟನ್ನು ಹಿಂದಕ್ಕೆ ಒತ್ತಲ್ಪಡುತ್ತದೆ, ಬ್ರೇಕಿನ ಎಣ್ಣೆಯ ಒತ್ತಡ ಏರಿ ಪೆಡಲು ಕಾಲನ್ನು ತಳ್ಳುತ್ತದೆ. ತೆಳ್ಳಗಿರುವ ಭಾಗ ಬಂದಾಗ ಹಿಡಿತ ಸಡಿಲವಾಗುತ್ತದೆ. ಚಕ್ರ ಸುತ್ತಿದಷ್ಟು ಸಲ ಈ ಹಿಡಿತ ಬಿಗಿಯುತ್ತ ಸಡಿಲಗೊಳ್ಳುತ್ತ ಇರುವುದೇ ನಡುಕ. ಇದಕ್ಕೆ ಬೇಕಾದ ವ್ಯತ್ಯಾಸ ಎಷ್ಟೆಂದರೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ಸಾಕು. ಕಣ್ಣಿಗೆ ಕಾಣದ, ಉಗುರಿಗೆ ಸಿಗದ ಅಳತೆ ಅದು.

ಸ್ಕ್ರೂಗೇಜಿನ ಶೂನ್ಯದೋಷ ನೋಡಿಕೊಂಡು, ಡಿಸ್ಕಿನ ಅಂಚಿನಲ್ಲಿ ತುಕ್ಕಿನಿಂದ ಎದ್ದ ತುಟಿಯನ್ನು ಅರದಿಂದ ಉಜ್ಜಿ ತೆಗೆದು, ಎಡ ಡಿಸ್ಕಿನ ಸುತ್ತ ಎಂಟು ಕಡೆ ದಪ್ಪ ಅಳೆದೆ. ಹೊಸದರಲ್ಲಿ ಅದರ ದಪ್ಪ 17 ಮಿಲಿಮೀಟರ್. ಇದಕ್ಕಿಂತ ಕಡಿಮೆಯಾಗಬಾರದೆಂದು ಡಿಸ್ಕಿನ ಮೇಲೆಯೇ ಒತ್ತಿರುವ ಅಂಕಿ 15. ನನಗೆ ಸಿಕ್ಕಿದ್ದು 16.91ರಿಂದ 16.94ರವರೆಗೆ. ಅಂದರೆ ವ್ಯತ್ಯಾಸ 0.03 ಮಿಲಿಮೀಟರ್, ಆರು ಸಾವಿರ ಕಿಲೋಮೀಟರ್ ಓಡಿದ ಡಿಸ್ಕಿನಲ್ಲಿ. ಅತಿ ತೆಳ್ಳಗಿದ್ದ ಜಾಗ ಯಾವುದೆಂದು ನೋಡಿದರೆ ಸೀಮೆಸುಣ್ಣದ ಗೆರೆಯಿದ್ದ ಜಾಗವೇ. ಬಲಗಡೆ ಎಂಟು ಅಳತೆಗಳಲ್ಲಿ 0.01ಕ್ಕಿಂತ ಹೆಚ್ಚಿನ ಅಂತರ ಕಾಣಲಿಲ್ಲ.

ಅಳತೆಗಳನ್ನು ಕ್ಯಾಲೆಂಡರಿನ ಹಿಂಬದಿಗೆ ಬರೆದು, ಕ್ಯಾಲಿಪರನ್ನು ಬಿಚ್ಚಿ, ಅದು ಬ್ರೇಕಿನ ರಬ್ಬರು ಕೊಳವೆಯಿಂದ ನೇತಾಡದಂತೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿದೆ. ಪ್ಯಾಡುಗಳನ್ನು ಹೊರತೆಗೆದಾಗ ಒಳಗಿನದು ಒಂದೇ ಸಮನಾಗಿ ಸವೆದಿತ್ತು. ಹೊರಗಿನದು ಬೆಣೆಯಂತೆ ಒಂದು ತುದಿಯಲ್ಲಿ ಹೆಚ್ಚು ಸವೆದಿತ್ತು. ಕ್ಯಾಲಿಪರ್ ಜಾರಬೇಕಾದ ಎರಡು ಪಿನ್ನುಗಳಲ್ಲಿ ಮೇಲಿನದು ಬೆರಳಿನಿಂದ ತಳ್ಳಿದರೆ ಹೋಗಿಬರುತ್ತಿತ್ತು. ಕೆಳಗಿನದನ್ನು ಇಕ್ಕಳದಿಂದ ತಿರುಚಿ ಎಳೆಯಬೇಕಾಯಿತು. ಅದರ ರಬ್ಬರು ಟೋಪಿ ಉಬ್ಬಿ ಮೆತ್ತಗಾಗಿತ್ತು, ಒಳಗೆ ಕಪ್ಪು ಅಂಟು. ಹಿಂದೆ ಯಾರೋ ಸಾಮಾನ್ಯ ಗ್ರೀಸು ತುಂಬಿದ್ದರು. ಖನಿಜ ತೈಲದ ಗ್ರೀಸಿಗೆ ಈ ರಬ್ಬರು ಉಬ್ಬುತ್ತದೆ, ಉಬ್ಬಿದರೆ ಪಿನ್ನು ಕಚ್ಚುತ್ತದೆ. ಇಲ್ಲಿಗೆ ಬೇಕಾದದ್ದು ಸಿಲಿಕೋನಿನಂಥ ಬೇರೆ ಜಾತಿಯ ಗ್ರೀಸು. ಪಿನ್ನು ಕಚ್ಚಿದ್ದರಿಂದ ಪೆಡಲು ಬಿಟ್ಟ ಮೇಲೂ ಕ್ಯಾಲಿಪರ್ ಪೂರ್ತಿ ಹಿಂದೆ ಸರಿಯದೆ, ಹೊರಗಿನ ಪ್ಯಾಡು ಡಿಸ್ಕಿಗೆ ತಾಗಿಕೊಂಡೇ ಉಳಿಯುತ್ತಿತ್ತು.

ಬೆಣೆಯಂತೆ ಸವೆದ ಪ್ಯಾಡು ಇದರಿಂದ ಅರ್ಥವಾಯಿತು. ಡಿಸ್ಕಿನ ಓಲಾಟ ಅರ್ಥವಾಗಲಿಲ್ಲ. ನಟ್ಟು ತೆಗೆದು ಡಿಸ್ಕನ್ನು ಎಳೆದೆ, ಬರಲಿಲ್ಲ. ಮರದ ತುಂಡು ಅಡ್ಡವಿಟ್ಟು ಸುತ್ತಲೂ ಬಡಿದಾಗ ಕೆಂಪು ಪುಡಿ ಉದುರಿಸುತ್ತ ಕಳಚಿತು. ಹಬ್‌ನ ಮುಖ ನೋಡಿದೆ. ಡಿಸ್ಕು ಒರಗಿ ಕೂರಬೇಕಾದ ಆ ಉಂಗುರದ ಮೇಲೆ, ಎರಡು ಬೋಲ್ಟುಗಳ ನಡುವೆ, ಹಳೆಯ ತುಕ್ಕು ಪದರು ಪದರಾಗಿ ಎದ್ದು ಗಟ್ಟಿಯಾಗಿ ಅಂಟಿಕೊಂಡಿತ್ತು. ಉಳಿದ ಕಡೆ ತೆಳುವಾದ ಕಂದು ಬಣ್ಣ ಮಾತ್ರ. ಡಿಸ್ಕಿನ ಒಳಮೈಯಲ್ಲಿ ಆ ಪದರಿನ ಅಚ್ಚು ಕನ್ನಡಿಯಲ್ಲಿ ಕಂಡಂತೆ ಮೂಡಿತ್ತು. ಡಿಸ್ಕನ್ನು ಅದೇ ಸ್ಥಾನಕ್ಕೆ ಹಿಡಿದು ನೋಡಿದಾಗ ತುಕ್ಕಿನ ದಿಬ್ಬ, ಸೀಮೆಸುಣ್ಣದ ಗೆರೆ, 16.91 ಎಂಬ ಅಳತೆ ಮೂರೂ ಒಂದೇ ಸಾಲಿನಲ್ಲಿ ಬಂದವು. ಶೆಡ್ಡಿನಲ್ಲಿ ನಾನೊಬ್ಬನೇ ಇದ್ದರೂ "ಹೌದಲ್ಲ!" ಎಂದು ಜೋರಾಗಿಯೇ ಹೇಳಿದೆ.

ಲೆಕ್ಕ ಇಷ್ಟೇ. ಹಬ್‌ನ ಮುಖದ ವ್ಯಾಸ 130 ಮಿಲಿಮೀಟರಿನಷ್ಟು. ನಾನು ಅಳೆದ ಜಾಗದಲ್ಲಿ ಡಿಸ್ಕಿನ ವ್ಯಾಸ 216. ಹಬ್‌ನ ಒಂದು ಬದಿಯಲ್ಲಿ 0.06 ಮಿಲಿಮೀಟರಿನ ದಿಬ್ಬ ಡಿಸ್ಕನ್ನು ಎತ್ತಿದರೆ, ಅಂಚಿಗೆ ಹೋಗುವಾಗ ಅದು ಬೆಳೆದು 0.10 ಆಗುತ್ತದೆ. ಹೀಗೆ ಓರೆಯಾಗಿ ಕುಳಿತ ಡಿಸ್ಕು ಮೊದಲ ದಿನ ನಡುಗುವುದಿಲ್ಲ, ಏಕೆಂದರೆ ಅದರ ದಪ್ಪ ಎಲ್ಲ ಕಡೆ ಸಮ. ಆದರೆ ಬ್ರೇಕು ಹಾಕದೆ ಓಡುವಾಗ, ಹೊರಕ್ಕೆ ಚಾಚಿದ ಜಾಗವು ಪ್ರತಿ ಸುತ್ತಿಗೂ ಒಮ್ಮೆ ಆ ಬಿಡದ ಹೊರಗಿನ ಪ್ಯಾಡನ್ನು ಸವರಿಕೊಂಡು ಹೋಗುತ್ತದೆ. ಕಿಲೋಮೀಟರಿಗೆ 546 ಸಲ. ಆರು ಸಾವಿರ ಕಿಲೋಮೀಟರಿಗೆ 32 ಲಕ್ಷಕ್ಕೂ ಹೆಚ್ಚು ಸಲ. ಅಷ್ಟು ಸವರಿದ ಮೇಲೆ ಅಲ್ಲಿ ಮಿಲಿಮೀಟರಿನ ನೂರರಲ್ಲಿ ಮೂರು ಪಾಲು ತೆಳ್ಳಗಾಗಿದ್ದರೆ ಆಶ್ಚರ್ಯವೇನಿಲ್ಲ. ಲೇತಿನಲ್ಲಿ ಸವರಿದ ಹಳೆಯ ಡಿಸ್ಕಿಗೂ, ಅಂಗಡಿಯಿಂದ ಬಂದ ಹೊಸ ಡಿಸ್ಕಿಗೂ ಇದೇ ಗತಿಯಾಗಿತ್ತು. ಎರಡನ್ನೂ ಅದೇ ತುಕ್ಕಿನ ದಿಬ್ಬದ ಮೇಲೆಯೇ ಕೂರಿಸಿದ್ದರು. ಟಾರ್ಪಾಲಿನ ಮೇಲಿದ್ದ ಡಿಸ್ಕುಗಳಲ್ಲಿ ಎಡಗಡೆಯದನ್ನು ಹುಡುಕಿ ಒಳಮೈ ತಿರುವಿ ನೋಡಿದೆ. ಅದೇ ಜಾಗದಲ್ಲಿ ಅದೇ ಅಚ್ಚು.

ಎಡಗಡೆಯೇ ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ನಮ್ಮ ಶೆಡ್ಡಿನ ತೆರೆದ ಬದಿ ಪಡುವಣ ದಿಕ್ಕಿನದು, ಮಳೆಯ ಎರಚಲು ಬರುವ ದಿಕ್ಕು. ಕಾರು ನಿಲ್ಲುವ ರೀತಿಯಲ್ಲಿ ಎಡ ಮುಂದಿನ ಚಕ್ರ ಆ ಬದಿಗೆ ಬರುತ್ತದೆ. ಮೇ ಕೊನೆಯಿಂದ ಆಟಿ ತಿಂಗಳು (ಆಗಸ್ಟಿನ ನಡುಭಾಗ) ಕಳೆಯುವವರೆಗೆ ಆ ಚಕ್ರ ಒಣಗಿದ್ದೇ ಇಲ್ಲ.

ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆದಕಿ, ಬೋಲ್ಟಿನ ಬುಡಗಳಲ್ಲಿ ಸಣ್ಣ ಉಳಿಯ ಮೊನೆಯಿಂದ ಬಿಡಿಸಿ, ಕೊನೆಗೆ ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆಯಲು ಒಂದು ಗಂಟೆಗೂ ಹೆಚ್ಚು ಬೇಕಾಯಿತು. ಗ್ರೈಂಡರ್ ಹಿಡಿಯುವ ಆಸೆಯಾಗಿತ್ತು. ಹಬ್‌ನ ಲೋಹವೇ ಹೋದರೆ ದಿಬ್ಬದ ಬದಲು ಹೊಂಡವಾಗುತ್ತದೆಂದು ಬಿಟ್ಟೆ. ಬ್ರೇಕಿನ ಧೂಳನ್ನು ಊದಿ ಹಾರಿಸದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿದೆ. ಆಮೇಲೆ ಡಯಲ್ ಗೇಜಿನ ಮೊನೆಯನ್ನು ಹಬ್‌ನ ಮುಖಕ್ಕೇ ಇಟ್ಟು ತಿರುಗಿಸಿದಾಗ ಮುಳ್ಳು ಎರಡು ಗೆರೆ ಮಾತ್ರ ಅಲುಗಿತು: 0.02.

ಡಿಸ್ಕಿನ ದಪ್ಪದ ವ್ಯತ್ಯಾಸ ಮಾತ್ರ ಹಬ್ ಶುದ್ಧವಾದುದರಿಂದ ಹೋಗುವುದಿಲ್ಲ. ಎರಡೂ ಡಿಸ್ಕುಗಳನ್ನು ವಿದ್ಯಾರ್ಥಿಯ ಲೇತಿಗೆ ಒಯ್ದೆ. ಅವನು ಮೊದಲು ಡಿಸ್ಕಿನ ಒಳಮೈಯ ತುಕ್ಕಿನ ಅಚ್ಚನ್ನು ಉಜ್ಜಿ ತೆಗೆದ. ಅದನ್ನು ಬಿಟ್ಟು ಹಿಡಿದರೆ ಲೇತೂ ಓರೆಯಾಗಿಯೇ ಕತ್ತರಿಸುತ್ತದೆ, ಬಹುಶಃ ಹಿಂದಿನ ಸಲ ಆದದ್ದೂ ಅದೇ ಎಂದ. ಎಡಗಡೆಯದು 16.80ಕ್ಕೆ ಬಂದಾಗ ಎಂಟೂ ಅಳತೆಗಳು ಒಂದಾದವು. ಹದಿನೈದರ ಮಿತಿಗೆ ಇನ್ನೂ ಬೇಕಾದಷ್ಟು ದೂರವಿದೆ.

ಅವನಿಂದಲೇ ಕಲಿತ ಇನ್ನೊಂದು ಉಪಾಯ: ನಾಲ್ಕು ಬೋಲ್ಟಿನ ಹಬ್ ಮೇಲೆ ಡಿಸ್ಕನ್ನು ನಾಲ್ಕು ರೀತಿಯಲ್ಲಿ ಕೂರಿಸಬಹುದು. ಹಬ್‌ನಲ್ಲಿ ಉಳಿದಿರುವ ಸಣ್ಣ ಓರೆ, ಡಿಸ್ಕಿನಲ್ಲಿರುವ ಸಣ್ಣ ಓರೆ ಒಂದೇ ಬದಿಗೆ ಬಂದರೆ ಕೂಡಿಕೊಳ್ಳುತ್ತವೆ, ಎದುರುಬದುರಾದರೆ ಒಂದನ್ನೊಂದು ಕಳೆಯುತ್ತವೆ. ಒಂದೊಂದು ಬೋಲ್ಟಿನಂತೆ ಸರಿಸಿ ಅಳೆದಾಗ 0.06, 0.04, 0.03, 0.05 ಬಂತು. ಮೂರನೆಯ ಸ್ಥಾನವನ್ನು ಆರಿಸಿ, ಬೋಲ್ಟಿನ ತುದಿಗೂ ಡಿಸ್ಕಿಗೂ ಬಿಳಿ ಬಣ್ಣದ ಚುಕ್ಕಿ ಇಟ್ಟೆ.

ಪಿನ್ನುಗಳಿಗೆ ಹೊಸ ರಬ್ಬರು, ತಕ್ಕ ಗ್ರೀಸು. ಎರಡೂ ಬದಿಗೆ ಹೊಸ ಪ್ಯಾಡು. ಬ್ರೇಕಿನ ಎಣ್ಣೆ ಎರಡು ವರ್ಷ ದಾಟಿದ್ದುದರಿಂದ ಅದನ್ನೂ ಗ್ಯಾರೇಜಿನಲ್ಲಿ ಬದಲಾಯಿಸಿಕೊಂಡೆ. ಅದು ನಡುಕಕ್ಕೆ ಕಾರಣವಲ್ಲ. ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ ಅದು. ಡಾಟ್ 4 ದರ್ಜೆಯ ಹೊಸ ಎಣ್ಣೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡವಾದರೆ, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವವನು ಈ ಎರಡು ಅಂಕಿಗಳನ್ನು ನೆನಪಿಟ್ಟರೆ ಒಳ್ಳೆಯದು.

ಚಕ್ರದ ನಟ್ಟುಗಳ ವಿಚಾರದಲ್ಲಿ ನಾನು ಸ್ವಲ್ಪ ಹಟ ಹಿಡಿದೆ. ಟಯರಿನ ಅಂಗಡಿಗಳಲ್ಲಿ ಗಾಳಿಯ ಗನ್ನಿನಿಂದ ಒಂದನ್ನು ಬಿಗಿದು ಪಕ್ಕದ್ದಕ್ಕೆ ಹೋಗುತ್ತಾರೆ; ಅತಿಯಾಗಿ, ಅಸಮವಾಗಿ ಬಿಗಿದರೆ ಡಿಸ್ಕು ಹಬ್ ಮೇಲೆ ಮತ್ತೆ ಓರೆಯಾಗಬಹುದು, ಅಷ್ಟು ಉಜ್ಜಿದ್ದೂ ವ್ಯರ್ಥ. ಕೈಪಿಡಿ ಹೇಳುವುದು 85 ನ್ಯೂಟನ್ ಮೀಟರ್. ನನ್ನಲ್ಲಿ ಟಾರ್ಕ್ ರೆಂಚ್ ಇರಲಿಲ್ಲ. ಸ್ಪ್ಯಾನರಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ, ನಟ್ಟಿನ ಮಧ್ಯದಿಂದ ಸರಿಯಾಗಿ ಅರ್ಧ ಮೀಟರಿನಲ್ಲಿ ಅಡಿಕೆ ತೂಗುವ ಕೊಕ್ಕೆಯ ತಕ್ಕಡಿಯನ್ನು ಕಟ್ಟಿ, ಕೊಳವೆಗೆ ಲಂಬವಾಗಿ ಎಳೆದೆ. ತಕ್ಕಡಿ ಹದಿನೇಳು ಕಿಲೋ ದಾಟಿದ ಕೂಡಲೇ ನಿಲ್ಲಿಸಿದೆ. ಒಂದು ನಟ್ಟಾದ ಮೇಲೆ ಅದರ ಎದುರಿನದು, ಆಮೇಲೆ ಉಳಿದೆರಡು. ಕೆಲಸಕ್ಕೆ ಬಂದಿದ್ದ ಆಳು ಇದನ್ನು ನೋಡಿ, ಕಾರನ್ನು ಕಿಲೋ ಲೆಕ್ಕದಲ್ಲಿ ಮಾರುವುದೋ ಎಂದು ತುಳುವಿನಲ್ಲಿ ವಿಚಾರಿಸಿದ.

ಕಾರನ್ನು ಕದಲಿಸುವ ಮೊದಲು ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಮಾಡಿಕೊಳ್ಳಬೇಕು. ಪಿಸ್ಟನ್ನು ಹಿಂದಕ್ಕೆ ತಳ್ಳಿದ ಮೇಲೆ ಮೊದಲ ಒತ್ತಿಗೆ ಬ್ರೇಕು ಇರುವುದಿಲ್ಲ. ಮರುದಿನ ಬೆಳಗ್ಗೆ ಐದೂವರೆಗೆ ಅದೇ ಸೀತಾಂಗೋಳಿ ರಸ್ತೆಯಲ್ಲಿ ಹೊಸ ಪ್ಯಾಡುಗಳನ್ನು ಹದಕ್ಕೆ ತಂದೆ: 60ರ ವೇಗದಿಂದ 15ರವರೆಗೆ ಒಂದೇ ಸಮನಾದ ಒತ್ತಿನಲ್ಲಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಏರಿಸುವುದು, ಹೀಗೆ ಹತ್ತು ಸಲ, ಬಳಿಕ ಬ್ರೇಕು ಮುಟ್ಟದೆ ಕೆಲವು ಕಿಲೋಮೀಟರ್ ಓಡಿಸಿ ತಣಿಸುವುದು. ಬಿಸಿಯಾದ ಡಿಸ್ಕನ್ನು ಪ್ಯಾಡಿನಿಂದ ಅದುಮಿ ಹಿಡಿದು ನಿಂತರೆ ಪ್ಯಾಡಿನ ವಸ್ತು ಅಲ್ಲಿಯೇ ಅಂಟಿ ಅಚ್ಚು ಬೀಳುತ್ತದೆ, ಅದೂ ನಡುಕಕ್ಕೆ ಇನ್ನೊಂದು ದಾರಿ. ಏಳನೆಯ ಸಲಕ್ಕೆ ಸುಟ್ಟ ವಾಸನೆ ಸ್ವಲ್ಪ ಬಂತು. ಹೊಸ ಪ್ಯಾಡಿಗೆ ಅದು ಸಹಜ. ಸ್ಟಿಯರಿಂಗ್ ಅಲುಗಲಿಲ್ಲ.

ಆದರೆ ಹಿಂದಿನ ಎರಡು ದುರಸ್ತಿಗಳಾದ ಮರುದಿನವೂ ಅದು ಅಲುಗಿರಲಿಲ್ಲ. ಆದ್ದರಿಂದ ಆ ಬೆಳಗ್ಗೆ ಸಂತೋಷಪಡಲು ನಾನು ಸಿದ್ಧನಿರಲಿಲ್ಲ. ಆ ಮಳೆಗಾಲದಲ್ಲಿ ಕಾರನ್ನು ಎಡ ಮುಂದಿನ ಚಕ್ರ ಒಳಬದಿಗೆ ಬರುವಂತೆ ತಿರುಗಿಸಿ, ಪಡುವಣ ಬದಿಗೆ ಹಳೆಯ ಟಾರ್ಪಾಲು ಇಳಿಬಿಟ್ಟು, ವಾರಕ್ಕೊಮ್ಮೆ ಮಳೆ ಹೊಳವಾದಾಗ ಬದಿಯಡ್ಕದವರೆಗೆ ಓಡಿಸಿ ಬಂದು ಹ್ಯಾಂಡ್‌ಬ್ರೇಕು ಹಾಕದೆ, ಗೇರಿನಲ್ಲಿ ನಿಲ್ಲಿಸುತ್ತಿದ್ದೆ. 2024ರ ಜನವರಿಯಲ್ಲಿ, 7,200 ಕಿಲೋಮೀಟರ್ ಆದ ಮೇಲೆ, ಡಯಲ್ ಗೇಜನ್ನು ಮತ್ತೆ ಬೇಡಿ ತಂದು ಚಕ್ರ ಕಳಚಿದೆ. ಎಡಗಡೆಯ ಓಲಾಟ 0.03ರಲ್ಲಿಯೇ ಇತ್ತು. ಎಂಟು ಕಡೆಯ ದಪ್ಪದಲ್ಲಿ ಸ್ಕ್ರೂಗೇಜು ಹಿಡಿಯಬಲ್ಲ ವ್ಯತ್ಯಾಸ ಯಾವುದೂ ಇರಲಿಲ್ಲ. ಅಂಕಿಗಳನ್ನು ಹೊಸ ಕ್ಯಾಲೆಂಡರಿನ ಹಿಂಬದಿಗೆ ಬರೆದು, ಹದಿನೇಳು ಕಿಲೋ ಎಳೆದು ನಟ್ಟು ಬಿಗಿದು, ಮರುದಿನ ಮಡಿಕೇರಿಗೆ ಹೊರಟೆವು.